ಬೀದರಿನ ಏಳು ಬಾಗಿಲು ಮತ್ತು ಕಾಕಾನ ಪಾಸ್‌ಪೋರ್ಟ್

ನಮ್ಮ ಕಾಕಾನ ಹತ್ತಿರ ಒಂದು ಪಾಸ್‌ಪೋರ್ಟ್ ಇದೆ. ಅವಧಿ ಮುಗಿದು ಎರಡು ವರ್ಷವಾಯಿತು. ಒಳಗಿನ ಪುಟಗಳಲ್ಲಿ ಒಂದೂ ಮುದ್ರೆ ಬಿದ್ದಿಲ್ಲ. ಔರಾದ ತಾಲ್ಲೂಕಿನ ನಮ್ಮೂರ ಮನೆಯ ಟ್ರಂಕಿನಲ್ಲಿ ಹೊಲದ ಪಹಣಿ, ರೇಷನ್ ಕಾರ್ಡು, ಸೊಸೈಟಿ ಸಾಲದ ರಸೀದಿಗಳ ನಡುವೆ ಅದನ್ನು ಇಟ್ಟಿದ್ದಾನೆ. ಅದರ ಜೊತೆಗೇ ಹೈದರಾಬಾದಿನಲ್ಲಿ ತೆಗೆಸಿದ ಎದೆಯ ಎಕ್ಸ್‌ರೇ ಕೂಡ ಇದೆ.

ಕಾಕಾ ಸೌದಿಗೆ ಹೋಗಬೇಕೆಂದಿದ್ದ. ಹೋಗಲಿಲ್ಲ. ಈಗ ಬೀದರಿನಲ್ಲಿ ಆಟೋ ಓಡಿಸುತ್ತಾನೆ. ರಜೆಯ ದಿನಗಳಲ್ಲಿ ಕೋಟೆ ನೋಡಲು ಬಂದವರನ್ನು ಬಸ್‌ಸ್ಟ್ಯಾಂಡಿನಿಂದ ಕರೆದೊಯ್ಯುವಾಗ ದಾರಿಯಲ್ಲಿ ಮಹಮೂದ್ ಗಾವಾನನ ಮದರಸಾದ ಮುಂದೆ ನಿಲ್ಲಿಸುತ್ತಾನೆ. ಬಹಮನಿ ಕಾಲದ ವ್ಯಾಪಾರದ ಬಗ್ಗೆ ಸಂಶೋಧನೆ ಮಾಡುತ್ತಿರುವ ನಾನು ಒಮ್ಮೆ ಅವನ ಆಟೋದಲ್ಲೇ ಅಲ್ಲಿಗೆ ಹೋಗಿದ್ದೆ. ನೀಲಿ ಹೆಂಚುಗಳು ಅಲ್ಲಲ್ಲಿ ಉಳಿದಿರುವ ಮಿನಾರನ್ನು ನೋಡುತ್ತ ಕಾಕಾ ಕೇಳಿದ: "ಇದ ಕಟ್ಟಿಸ್ದಾಂವ ಯಾವೂರಾಂವ, ತಮ್ಮಾ?"

"ಇರಾನಿನಾಂವ. ಗೀಲಾನ್ ಅಂತ, ಅಲ್ಲಿಂದ ಬಂದಾಂವ."

"ಅಲ್ಲಿಂದ ಇಲ್ಲಿಗಿ ಕೆಲ್ಸಕ್ಕ ಬಂದ್ನಾ? ಮತ್ತ ಅವಂಗ ವೀಸಾ ಯಾರ್ ಕೊಟ್ರು?"

ಇಬ್ಬರೂ ನಕ್ಕೆವು. ಆದರೆ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ. ಹೊರದೇಶದವರು ಕೆಲಸ ಹುಡುಕಿಕೊಂಡು ಬರುತ್ತಿದ್ದ ಊರು ಬೀದರ. ಈಗ ಇಲ್ಲಿಯ ಹುಡುಗರು ಹೊರದೇಶದ ಕೆಲಸಕ್ಕಾಗಿ ಏಜೆಂಟರ ಮನೆಬಾಗಿಲು ಕಾಯುತ್ತಾರೆ. ಬಾಗಿಲ ಒಳಗಿದ್ದ ಊರು ಬಾಗಿಲ ಹೊರಗೆ ಬಂದು ನಿಂತಿದ್ದು ಹೇಗೆ? ಆಗ ಬಾಗಿಲು ಕಾಯುತ್ತಿದ್ದವರು ಯಾರು, ಈಗ ಕಾಯುತ್ತಿರುವವರು ಯಾರು? ಕಾಕಾನಿಗೆ ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯಲು ಯತ್ನಿಸುತ್ತೇನೆ.

ಗಾವಾನ್ 1453ರಲ್ಲಿ ಕೊಂಕಣದ ದಾಭೋಳ ಬಂದರಿನಲ್ಲಿ ಇಳಿದ. ಆಗ ಅವನಿಗೆ ನಲವತ್ತು ದಾಟಿತ್ತು. ಸರಕು ತಂದಿದ್ದ ವ್ಯಾಪಾರಿ ಅವನು. ಬೀದರಿಗೆ ಬರಲು ಇನ್ನೊಂದು ಕಾರಣವೂ ಇತ್ತು. ಕಿರ್ಮಾನಿನ ಸೂಫಿ ಶಾ ನೇಮತುಲ್ಲಾ ವಲಿಯ ಮನೆತನದವರನ್ನು ಬಹಮನಿ ಸುಲ್ತಾನ ಅಹಮದ್ ಶಾ ಬೀದರಿಗೆ ಕರೆಸಿಕೊಂಡಿದ್ದ. ಆ ಮನೆತನದ ಶಾ ಮುಹಿಬ್ಬುಲ್ಲಾನನ್ನು ಕಾಣುವುದು ಗಾವಾನನ ಆಸೆ. ಇಲ್ಲಿಂದ ದಿಲ್ಲಿಗೆ ಹೋಗುವ ವಿಚಾರವಿದ್ದವನನ್ನು ಸುಲ್ತಾನ ಎರಡನೆಯ ಅಲಾಉದ್ದೀನ್ ಅಹಮದ್ ತನ್ನ ಆಸ್ಥಾನದಲ್ಲೇ ಉಳಿಸಿಕೊಂಡ. ಮುಂದೆ ಅವನಿಗೆ 'ಮಲಿಕ್ ಉತ್ ತುಜ್ಜಾರ್', ಅಂದರೆ ವರ್ತಕರ ಒಡೆಯ ಎಂಬ ಬಿರುದು ಬಂತು. ಕೊನೆಗೆ ಇಡೀ ರಾಜ್ಯದ ವಜೀರನಾದ. ಮದರಸಾ ಮುಗಿದದ್ದು 1472ರಲ್ಲಿ. ಹೆರಾತಿನ ಹೆಸರಾಂತ ಕವಿ ಜಾಮಿಯನ್ನು ಬೀದರಿಗೆ ಬರುವಂತೆ ಗಾವಾನ್ ಪತ್ರ ಬರೆದು ಕರೆದಿದ್ದ. ಜಾಮಿ ಉತ್ತರ ಬರೆದ, ಬರಲಿಲ್ಲ. ಬೀದರ ಕರೆದರೆ 'ಬರುವುದಿಲ್ಲ' ಎನ್ನುವ ಅನುಕೂಲ ಆಗ ಹೊರಗಿನವರಿಗಿತ್ತು.

ಗಾವಾನನಿಗೆ ವೀಸಾ ಬೇಕಾಗಲಿಲ್ಲ. ಹಾಗೆಂದು ಬರಿಗೈಯಲ್ಲಿ ಬಂದವನೂ ಅಲ್ಲ. ಕೈಯಲ್ಲಿ ಸರಕಿತ್ತು, ದರ್ಬಾರಿನಲ್ಲಿ ಮಾತು ನಡೆಯುವ ಗುರುಮನೆತನದ ಆಸರೆಯಿತ್ತು. ಆ ಕಾಲದಲ್ಲಿ ದೂರದೇಶದಲ್ಲಿ ಬದುಕು ಕಟ್ಟಬೇಕೆಂದವನಿಗೆ ಇವೆರಡೂ ಬೇಕು. ಇವೆರಡರಲ್ಲಿ ಒಂದು ಕೈತಪ್ಪಿದರೆ ಏನಾಗುತ್ತಿತ್ತು ಎಂಬುದನ್ನು ತಿಳಿಯಲು ಅದೇ ಕಾಲದ ಇನ್ನೊಬ್ಬ ಪರದೇಶಿಯ ಕಥೆ ನೋಡಬೇಕು.

ಅಫನಾಸಿ ನಿಕಿತಿನ್ ರಷ್ಯಾದ ತ್ವೇರ್ ಪಟ್ಟಣದ ವ್ಯಾಪಾರಿ. 1470ರ ಆಸುಪಾಸಿನ ವರ್ಷಗಳಲ್ಲಿ ಬಹಮನಿ ರಾಜ್ಯದಲ್ಲಿ ಓಡಾಡಿದ. ದಾರಿಯಲ್ಲಿ ದರೋಡೆಗೆ ಸಿಕ್ಕು ಸರಕು ಕಳೆದುಕೊಂಡಿದ್ದ. ಹಿಂದೂಸ್ಥಾನದಲ್ಲಿ ಕುದುರೆಗೆ ಬೆಲೆ ಬರುತ್ತದೆಂದು ತಿಳಿದು ಒಂದೇ ಒಂದು ಗಂಡುಕುದುರೆಯನ್ನು ಹಡಗಿನಲ್ಲಿ ಹತ್ತಿಸಿಕೊಂಡು ಚೌಲ್ ಬಂದರಿಗೆ ಬಂದ. ಅದಕ್ಕೆ 100 ರೂಬಲ್ ಖರ್ಚಾಗಿತ್ತು ಎಂದು ತಾನೇ ಬರೆದಿಟ್ಟಿದ್ದಾನೆ. ಜುನ್ನರದಲ್ಲಿ ಅಲ್ಲಿಯ ಅಧಿಕಾರಿ ಅಸದ್ ಖಾನ್ ಆ ಕುದುರೆಯನ್ನು ಕಿತ್ತುಕೊಂಡ. ಬಂದವನು ಮುಸಲ್ಮಾನನಲ್ಲ ಎಂದು ತಿಳಿದಾಗ ಒಂದು ಷರತ್ತು ಹಾಕಿದ: ಮತ ಬದಲಿಸಿದರೆ ಕುದುರೆಯೂ ಸಿಗುತ್ತದೆ, ಮೇಲೆ 1,000 ಚಿನ್ನದ ನಾಣ್ಯವೂ ಸಿಗುತ್ತದೆ, ಇಲ್ಲವೆಂದರೆ ಕುದುರೆ ಹೋಯಿತು, 1,000 ನಾಣ್ಯ ದಂಡ. ವಿಚಾರ ಮಾಡಲು ನಾಲ್ಕು ದಿನದ ಗಡುವು. ಅಷ್ಟರಲ್ಲಿ ಖುರಾಸಾನಿನ ಖ್ವಾಜಾ ಮುಹಮ್ಮದ್ ಎಂಬುವನು ಅಲ್ಲಿಗೆ ಬಂದ. ನಿಕಿತಿನ್ ಅವನ ಮೊರೆಹೊಕ್ಕ. ಖ್ವಾಜಾ ಹೋಗಿ ಮಾತಾಡಿದ, ಕುದುರೆ ಬಿಡಿಸಿ ತಂದ. ಇದನ್ನು ನಿಕಿತಿನ್ ದೇವರ ಪವಾಡವೆಂದೇ ನಂಬಿದ. ಚರಿತ್ರೆಯ ವಿದ್ಯಾರ್ಥಿಯಾದ ನನಗೆ ಅಲ್ಲಿ ಒಬ್ಬ ಜಾಮೀನುದಾರ ಕಾಣುತ್ತಾನೆ.

ನಿಕಿತಿನ್ ಇಲ್ಲಿ ಇನ್ನೊಂದು ಹೆಸರಿನಲ್ಲಿ ಓಡಾಡುತ್ತಿದ್ದ: ಖ್ವಾಜಾ ಯೂಸುಫ್ ಖುರಾಸಾನಿ. ಖುರಾಸಾನಿಗಳಿಗೆ ಈ ನಾಡಿನಲ್ಲಿ ಬೆಲೆಯಿತ್ತು, ರಷ್ಯಾದವನೊಬ್ಬನನ್ನು ಗುರುತಿಸುವವರು ಇರಲಿಲ್ಲ. ಅವನ ಇನ್ನೊಂದು ದೂರು ಇಂದಿನ ಓದುಗರಿಗೆ ಬಹಳ ಪರಿಚಿತವೆನಿಸೀತು. ಹಿಂದೂಸ್ಥಾನದಲ್ಲಿ ನಿಮ್ಮ ದೇಶಕ್ಕೆ ಬೇಕಾದ ಸರಕು ಬೇಕಾದಷ್ಟಿದೆ ಎಂದು ವ್ಯಾಪಾರಿಗಳು ನಂಬಿಸಿದ್ದರು. ಬಂದು ನೋಡಿದರೆ ಒಯ್ಯುವಂಥದ್ದು ಏನೂ ಇಲ್ಲ. ಮೆಣಸು, ಬಣ್ಣ ಅಗ್ಗವೇನೋ ಹೌದು, ಆದರೆ ಸುಂಕ ವಿಪರೀತ, ಸಮುದ್ರದಲ್ಲಿ ಕಳ್ಳರು. ಮೋಸಹೋದೆ ಎಂದು ಬೈದುಕೊಂಡೇ ಬರೆಯುತ್ತಾನೆ. ತಿರುಗಿ ಹೋಗುವಾಗ ತನ್ನೂರು ಮುಟ್ಟಲಿಲ್ಲ. ಸ್ಮೋಲೆನ್ಸ್ಕ್ ತಲುಪುವ ಮೊದಲೇ ತೀರಿಕೊಂಡ.

ಬೀದರಿನ ಅರಮನೆಯ ಬಗ್ಗೆ ಅವನು ಕೊಟ್ಟಿರುವ ಒಂದು ವಿವರವನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಅರಮನೆಗೆ ಏಳು ಬಾಗಿಲು. ಒಂದೊಂದು ಬಾಗಿಲಲ್ಲೂ 100 ಕಾವಲುಗಾರರು, 100 ಬರಹಗಾರರು. ಬರಹಗಾರರಲ್ಲಿ ಕೆಲವರು ಒಳಗೆ ಹೋಗುವವರನ್ನು ಬರೆದುಕೊಳ್ಳುತ್ತಾರೆ, ಕೆಲವರು ಹೊರಗೆ ಬರುವವರನ್ನು. 'ಗರೀಬ'ರಿಗೆ ಒಳಗೆ ಪ್ರವೇಶವಿಲ್ಲ. ಇಂದಿನ ವಿಮಾನ ನಿಲ್ದಾಣದ ಇಮಿಗ್ರೇಶನ್ ಕೌಂಟರಿನಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ. 100 ಎಂಬ ಲೆಕ್ಕ ಪ್ರವಾಸಿಯ ಉತ್ಪ್ರೇಕ್ಷೆ ಇದ್ದೀತು. ಬಂದುಹೋಗುವವರನ್ನು ಬರೆದಿಡುವ ಪದ್ಧತಿಯನ್ನಂತೂ ಅವನು ಕಣ್ಣಾರೆ ಕಂಡಂತಿದೆ.

ಆ 'ಗರೀಬ' ಎಂಬ ಮಾತಿನ ಮೇಲೆ ಒಂದು ಕ್ಷಣ ನಿಲ್ಲಬೇಕು. ನಮ್ಮ ಕಡೆ ಗರೀಬ ಎಂದರೆ ಬಡವ. "ಗರೀಬ ಮಂದಿ ಇದ್ದೀವ್ರೀ" ಎಂದು ಔರಾದ, ಭಾಲ್ಕಿಯ ಯಾವ ಕಚೇರಿಯ ಮುಂದೆ ನಿಂತರೂ ಕೇಳಿಸುತ್ತದೆ. ಅರಬ್ಬಿಯಲ್ಲಿ ಆ ಮಾತಿನ ಮೂಲ ಅರ್ಥ ಪರದೇಶಿ, ಪರಕೀಯ. ಬಹಮನಿ ಕಾಲದಲ್ಲಿ ಇರಾನ್, ಅರಬಸ್ತಾನ, ಮಧ್ಯ ಏಷ್ಯಾಗಳಿಂದ ಬಂದವರನ್ನು 'ಆಫಾಕಿ' ಎಂದು ಕರೆದಂತೆ 'ಗರೀಬ' ಎಂದೂ ಕರೆಯುತ್ತಿದ್ದರು. ಅವರಲ್ಲಿ ಅನೇಕರು ಆಗರ್ಭ ಶ್ರೀಮಂತರು. ಗಾವಾನನೂ ಗರೀಬನೇ.

ಇಷ್ಟು ಹೇಳಿದ ಮೇಲೆ ಬಹಮನಿ ಬೀದರ ಎಲ್ಲರನ್ನೂ ಅಪ್ಪಿಕೊಂಡ ಊರು ಎಂದುಕೊಳ್ಳಬಾರದು. ಹಬ್ಶಿಗಳಲ್ಲಿ ಬಹಳ ಮಂದಿ ಗುಲಾಮರಾಗಿ ಬಂದವರು. ಬರುತ್ತೀರಾ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಮೊದಲಿನಿಂದ ಇಲ್ಲೇ ನೆಲೆಸಿದ್ದ ದಖ್ಖನಿ ಸರದಾರರಿಗೆ ಹಡಗಿಳಿದವರೆಲ್ಲ ದೊಡ್ಡ ಹುದ್ದೆ ಹಿಡಿಯುವುದನ್ನು ಕಂಡು ಹೊಟ್ಟೆಯಲ್ಲಿ ಬೆಂಕಿ. ಗಾವಾನ್ ಬರುವುದಕ್ಕೆ ಕೆಲವೇ ವರ್ಷ ಮೊದಲು, 1440ರ ದಶಕದಲ್ಲಿ, ಪುಣೆ ಹತ್ತಿರದ ಚಾಕಣ ಕೋಟೆಯಲ್ಲಿ ಆಶ್ರಯ ಪಡೆದಿದ್ದ ಆಫಾಕಿಗಳನ್ನು ನಂಬಿಸಿ ಹೊರಗೆ ಕರೆದು ಕೊಂದಿದ್ದರು. ಗಾವಾನ್ ವಜೀರನಾದ ಮೇಲೆ ಎರಡೂ ಪಂಗಡಗಳಿಗೆ ಹುದ್ದೆಗಳನ್ನು ಸರಿದೂಗಿಸಿ ಹಂಚಲು ನೋಡಿದ. ಅದು ಅವನನ್ನು ಉಳಿಸಲಿಲ್ಲ.

ಅವನನ್ನು ಕೊಂದದ್ದು ಒಂದು ಸುಳ್ಳು ಕಾಗದ. ಅವನ ಮುದ್ರೆ ಕಾಯುತ್ತಿದ್ದವನನ್ನು ವಿರೋಧಿಗಳು ಒಲಿಸಿಕೊಂಡು, ಕುಡಿಸಿ, ಖಾಲಿ ಹಾಳೆಗೆ ಮುದ್ರೆ ಒತ್ತಿಸಿಕೊಂಡರು. ಅದರ ಮೇಲೆ ಒಡಿಶಾದ ರಾಜನಿಗೆ ದಂಡೆತ್ತಿ ಬರಲು ಕರೆಯುವ ಪತ್ರ ಬರೆದು ಸುಲ್ತಾನ ಮೂರನೆಯ ಮುಹಮ್ಮದನ ಕೈಗೆ ಕೊಟ್ಟರು. ಮುದ್ರೆ ನನ್ನದು, ಬರಹ ನನ್ನದಲ್ಲ ಎಂದು ಗಾವಾನ್ ಹೇಳಿದನೆಂದು ಚರಿತ್ರಕಾರ ಫಿರಿಸ್ತಾ ದಾಖಲಿಸಿದ್ದಾನೆ. ಸುಲ್ತಾನ ಕೇಳಲಿಲ್ಲ. 1481ರ ಏಪ್ರಿಲ್ 5ರಂದು ಕೊಂಡಪಲ್ಲಿಯ ಬೀಡಿನಲ್ಲಿ ಗಾವಾನನ ತಲೆ ಕಡಿಸಿದ. 28 ವರ್ಷ ಇಲ್ಲಿ ದುಡಿದವನು ಕೊನೆಗೂ ಹೊರಗಿನವನಾಗಿಯೇ ಉಳಿದ. ಬೀದರಿನ ಹೊರಗೆ ಗೋರನಳ್ಳಿಯ ಬಳಿ ಅವನ ಸಮಾಧಿಯಿದೆ. ಮದರಸಾದಷ್ಟು ಜನ ಅಲ್ಲಿಗೆ ಹೋಗುವುದಿಲ್ಲ.

ದಖ್ಖನಿ ಮತ್ತು ಆಫಾಕಿ ಎಂಬ ಹೆಸರುಗಳು ಹೋದವು, ಜಗಳ ಹೋಗಲಿಲ್ಲ. ಬೀದರ, ಭಾಲ್ಕಿ, ಔರಾದಗಳೆಲ್ಲ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲದಲ್ಲಿ ಅದಕ್ಕೆ 'ಮುಲ್ಕಿ' ಮತ್ತು 'ಗೈರ್‌ಮುಲ್ಕಿ' ಎಂಬ ಹೆಸರು ಬಂತು. ಉತ್ತರ ಹಿಂದೂಸ್ಥಾನದಿಂದ ಬಂದ ಕಲಿತವರು ನಿಜಾಮರ ಕಚೇರಿಗಳನ್ನು ತುಂಬಿದಾಗ ಸ್ಥಳೀಯರು ತಕರಾರು ತೆಗೆದರು. 1919ರ ಫರ್ಮಾನಿನ ಪ್ರಕಾರ ಸರ್ಕಾರಿ ನೌಕರಿ ಬೇಕಾದರೆ ಮುಲ್ಕಿಯಾಗಿರಬೇಕು. ಹೊರಗಿನಿಂದ ಬಂದವನು ಮುಲ್ಕಿ ಎನಿಸಿಕೊಳ್ಳಲು 15 ವರ್ಷ ಸಂಸ್ಥಾನದಲ್ಲಿ ನೆಲೆಸಿರಬೇಕು. ಅರಮನೆಯ ಬಾಗಿಲಲ್ಲಿ ಕೂತಿದ್ದ ಬರಹಗಾರ ಈಗ ಕಚೇರಿಯೊಳಗೆ ಬಂದು ಕೂತ. ಮುಲ್ಕಿಯಾದರೂ ಎಲ್ಲರಿಗೂ ಬಾಗಿಲು ತೆರೆಯುತ್ತಿರಲಿಲ್ಲ. ಕಚೇರಿಯ ಭಾಷೆ ಉರ್ದು, ನಮ್ಮವರ ಮನೆಮಾತು ಕನ್ನಡ, ಮರಾಠಿ, ತೆಲುಗು. ಭಾಲ್ಕಿ ಹಿರೇಮಠದ ಚೆನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿಯನ್ನು ನಮ್ಮ ಜಿಲ್ಲೆಯ ಮಕ್ಕಳೆಲ್ಲ ಕೇಳಿಯೇ ಬೆಳೆದಿದ್ದಾರೆ.

1948ರಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿದಾಗ ಇನ್ನೊಂದು ಪ್ರಶ್ನೆ ಎದ್ದಿತು. ನಿಜಾಮರ ಸೈನ್ಯದಲ್ಲಿ ತಲೆಮಾರುಗಳಿಂದ ದುಡಿದಿದ್ದ ಅರಬ್ಬರು, ಪಠಾಣರು ಒಮ್ಮೆಲೇ 'ವಿದೇಶಿ'ಗಳಾದರು. ಅವರನ್ನು ಬಂಧನದಲ್ಲಿಟ್ಟು, ಕೆಲವರನ್ನು ದೇಶದಿಂದ ಹೊರಗೆ ಕಳಿಸಿದರು. ಇಲ್ಲೇ ಹುಟ್ಟಿದವರನ್ನು ಎಲ್ಲಿಗೆ ಕಳಿಸುವುದು ಎಂಬುದಕ್ಕೆ ಅಧಿಕಾರಿಗಳ ಬಳಿಯೂ ಸರಿಯಾದ ಉತ್ತರವಿರಲಿಲ್ಲ. ಹೈದರಾಬಾದಿನ ಬಾರ್ಕಾಸ್ ಬಡಾವಣೆಯಲ್ಲಿ ಆ ಅರಬ್ಬರ ಮೊಮ್ಮಕ್ಕಳು ಇಂದಿಗೂ ಇದ್ದಾರೆ. ಅವರ ಅಜ್ಜಂದಿರು ಅರಬಸ್ತಾನದಿಂದ ದಖ್ಖನಿಗೆ ಕೆಲಸಕ್ಕೆ ಬಂದರು. 1970ರ ದಶಕದಲ್ಲಿ ಎಣ್ಣೆಯ ಹಣ ಹರಿದ ಮೇಲೆ ದಖ್ಖನಿನವರು ಅರಬಸ್ತಾನಕ್ಕೆ ಕೆಲಸಕ್ಕೆ ಹೊರಟರು. ಬೀದರಿನವರಿಗೂ ಕೊಲ್ಲಿಯ ದಾರಿ ತೋರಿಸಿದ್ದು ಸುಮಾರು 140 ಕಿ.ಮೀ. ದೂರದ ಇದೇ ಹೈದರಾಬಾದ್.

ಹೊರಗೆ ಹೋಗುವವನಿಗೆ ತನ್ನ ದೇಶದ ಅಪ್ಪಣೆಯೂ ಬೇಕು ಎಂಬುದು ಬ್ರಿಟಿಷ್ ಕಾಲದ ಕಟ್ಟಳೆ. ಗಿರ್ಮಿಟ್ ಕೂಲಿಗಳ ಸಾಗಾಟದಲ್ಲಿ ನಡೆದ ಅನ್ಯಾಯದ ನೆನಪಿನಲ್ಲಿ 1922ರ ವಲಸೆ ಕಾಯ್ದೆ ಬಂತು. ಸ್ವಾತಂತ್ರ್ಯಾನಂತರವೂ ಪಾಸ್‌ಪೋರ್ಟ್ ಕೊಡುವುದು ಬಿಡುವುದು ಅಧಿಕಾರಿಗಳ ಮರ್ಜಿಯಾಗಿತ್ತು. 1967ರಲ್ಲಿ ಸುಪ್ರೀಂ ಕೋರ್ಟು, ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ, ವಿದೇಶಕ್ಕೆ ಹೋಗುವುದು ವ್ಯಕ್ತಿಸ್ವಾತಂತ್ರ್ಯದ ಭಾಗ ಎಂದು ತೀರ್ಪಿತ್ತಿತು. ಅದೇ ವರ್ಷ ಪಾಸ್‌ಪೋರ್ಟ್ ಕಾಯ್ದೆ ಬಂತು. ಕೊಲ್ಲಿಗೆ ಹೋಗುವವರ ಸಾಲು ಬೆಳೆದಂತೆ 1983ರಲ್ಲಿ ಹೊಸ ವಲಸೆ ಕಾಯ್ದೆಯಾಯಿತು.

ಈ ಕಾಯ್ದೆಯಡಿಯ ಇಂದಿನ ನಿಯಮದಲ್ಲಿ ಹತ್ತನೇ ತರಗತಿ ಒಂದು ಗೆರೆ. ಪಾಸಾಗದವನ ಪಾಸ್‌ಪೋರ್ಟಿನಲ್ಲಿ 'ಇ.ಸಿ.ಆರ್.' ಎಂಬ ಗುರುತು ಬೀಳುತ್ತದೆ. ಅಂಥವನು ಸೌದಿ, ಕುವೈತ್, ಕತಾರ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದ ವಲಸಿಗರ ರಕ್ಷಣಾಧಿಕಾರಿಯಿಂದ ಅನುಮತಿ ಪಡೆಯಬೇಕು. ಅಲ್ಲಿಯ ಮಾಲಕನ ಒಪ್ಪಂದ, ಸಂಬಳದ ವಿವರ, ವಿಮೆ ಎಲ್ಲ ತೋರಿಸಬೇಕು. ಉದ್ದೇಶ ಒಳ್ಳೆಯದು: ಓದು ಬಾರದವನು ಮೋಸಹೋಗಬಾರದು. ಆದರೆ ಕಾಗದ ಹೆಚ್ಚಾದಷ್ಟೂ ಕಾಗದ ಓದಬಲ್ಲ ಮಧ್ಯವರ್ತಿಯ ಬೆಲೆ ಹೆಚ್ಚುತ್ತದೆ. ನೋಂದಾಯಿತ ಏಜೆಂಟ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ ಎನ್ನುತ್ತದೆ ನಿಯಮ. ಹಳ್ಳಿಯ ಹುಡುಗನಿಗೂ ಆ ನೋಂದಾಯಿತ ಏಜೆಂಟನಿಗೂ ನಡುವೆ ಎಷ್ಟು ಕೈಗಳಿರುತ್ತವೆ, ಒಂದೊಂದು ಕೈಗೆ ಎಷ್ಟು ಬೀಳುತ್ತದೆ ಎಂಬುದು ಯಾವ ರಸೀದಿಯಲ್ಲೂ ಬರುವುದಿಲ್ಲ.

ಆ ಕಡೆಯ ಬಾಗಿಲಲ್ಲಿ 'ಕಫೀಲ' ನಿಂತಿರುತ್ತಾನೆ. ಕಫೀಲ ಎಂದರೆ ಜಾಮೀನುದಾರ. ವೀಸಾ ಬರುವುದು ಅವನ ಹೆಸರಿನಲ್ಲಿ, ಕೆಲಸ ಮಾಡಬೇಕಾದ್ದು ಅವನಲ್ಲಿ. ಬೇರೆ ಕಡೆ ಹೆಚ್ಚು ಸಂಬಳ ಸಿಕ್ಕರೂ, ತಾಯಿ ತೀರಿಕೊಂಡರೂ, ಬಹಳ ಕಾಲ ಅವನ ಒಪ್ಪಿಗೆಯಿಲ್ಲದೆ ಹೆಜ್ಜೆ ಎತ್ತಿಡುವಂತಿರಲಿಲ್ಲ. 2021ರಲ್ಲಿ ಸೌದಿ ಈ ಕಟ್ಟನ್ನು ಸಡಿಲಿಸಿತು. ಆದರೆ ಮನೆಗೆಲಸದವರು, ಮನೆಯ ಡ್ರೈವರುಗಳು, ಕುರಿ ಕಾಯುವವರು ಆ ಸಡಿಲಿಕೆಯ ಹೊರಗೇ ಉಳಿದರು. ನಮ್ಮೂರಿನಂಥ ಊರುಗಳಿಂದ ಹೋಗುವವರಿಗೆ ಸಿಗುವುದು ಸಾಮಾನ್ಯವಾಗಿ ಇಂಥವೇ ಕೆಲಸ. ಇನ್ನು 'ಆಜಾದ್ ವೀಸಾ' ಎಂಬುದೊಂದಿದೆ. ಕಫೀಲ ಹಣ ತೆಗೆದುಕೊಂಡು ಹೆಸರನ್ನಷ್ಟೇ ಕೊಡುತ್ತಾನೆ. ಕೆಲಸ ನೀನೇ ಹುಡುಕಿಕೋ. ಹೆಸರು ಆಜಾದ್, ಕಾನೂನಿನ ಕಣ್ಣಿಗೆ ಅಪರಾಧ. ಸಿಕ್ಕಿಬಿದ್ದರೆ ಶಿಕ್ಷೆ ಕೆಲಸಗಾರನಿಗೆ.

ಕಾಕಾನ ಕಥೆ ಅಷ್ಟು ದೂರಕ್ಕೂ ಹೋಗಲಿಲ್ಲ. ಹತ್ತನೇ ತರಗತಿಯಲ್ಲಿ ಗಣಿತ ಕೈಕೊಟ್ಟಿತ್ತು, ಹಾಗಾಗಿ ಪಾಸ್‌ಪೋರ್ಟಿಗೆ ಇ.ಸಿ.ಆರ್. ಗುರುತು ಬಿತ್ತು. ಭಾಲ್ಕಿಯಲ್ಲಿದ್ದ ಪರಿಚಯದವನೊಬ್ಬ ಏಜೆಂಟನನ್ನು ತೋರಿಸಿದ. ಮನೆಯ ಡ್ರೈವರ್ ಕೆಲಸ ಎಂದರು. ಒಂದು ಜೋಡಿ ದೇವಣಿ ಎತ್ತು ಮಾರಿ ಮುಂಗಡ ಕೊಟ್ಟ. ಆಮೇಲೆ ಹೈದರಾಬಾದಿನಲ್ಲಿ ಮೆಡಿಕಲ್. ಹದಿಹರೆಯದಲ್ಲಿ ಅವನಿಗೆ ಕ್ಷಯವಾಗಿತ್ತು. ಸರ್ಕಾರಿ ಗುಳಿಗೆ ಆರು ತಿಂಗಳು ತಪ್ಪದೆ ನುಂಗಿ ಪೂರ್ತಿ ಗುಣವಾಗಿದ್ದ. ಆದರೆ ಎಕ್ಸ್‌ರೇಯಲ್ಲಿ ಹಳೆಯ ಕಲೆ ಉಳಿದಿತ್ತು. ವರದಿಯಲ್ಲಿ 'ಅನ್‌ಫಿಟ್' ಎಂದು ಬಂತು. ಕೊಲ್ಲಿಯ ದೇಶಗಳು ಈ ತಪಾಸಣೆಯ ಫಲಿತಾಂಶವನ್ನು ಹಂಚಿಕೊಳ್ಳುತ್ತವೆ. ಸೌದಿ ಬೇಡವೆಂದವನನ್ನು ಕುವೈತೂ ಕರೆಯುವುದಿಲ್ಲ. ಏಜೆಂಟ ಮುಂಗಡದಲ್ಲಿ ಅರ್ಧ ತಿರುಗಿ ಕೊಡುತ್ತೇನೆಂದ. ಆಮೇಲೆ ಅವನ ಫೋನು ಹತ್ತಲಿಲ್ಲ.

"ರೋಗ ಹೋಗ್ಯಾದ, ಅದರ ಗುರ್ತು ಹೋಗಿಲ್ಲ. ಅವರಿಗಿ ಗುರ್ತೇ ಕಾಣಸ್ತದ," ಎಂದ ಕಾಕಾ. ಇಷ್ಟು ವರ್ಷದ ಮೇಲೂ ಅವನ ದನಿಯಲ್ಲಿ ಸಿಟ್ಟಿಗಿಂತ ನಾಚಿಕೆ ಹೆಚ್ಚಿತ್ತು. ಸಾಲ ತೀರಿಸಲು ಆಮೇಲೆ ನಾಲ್ಕು ವರ್ಷ ಹಿಡಿಯಿತು.

ಇದು ಹತ್ತನೇ ತರಗತಿ ದಾಟದವರ ಕಷ್ಟ ಮಾತ್ರ ಎನ್ನುವಂತಿಲ್ಲ. ಬೀದರ, ಭಾಲ್ಕಿಗಳ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿ ಹೈದರಾಬಾದ್, ಬೆಂಗಳೂರುಗಳಲ್ಲಿ ಕೆಲಸಕ್ಕಿರುವ ನನ್ನ ಗೆಳೆಯರು ಅಮೆರಿಕದ ಎಚ್-1ಬಿ ವೀಸಾದ ಲಾಟರಿ ನೋಡುತ್ತ ಕೂತಿದ್ದಾರೆ. ವರ್ಷಕ್ಕೆ 65,000, ಅಲ್ಲಿಯ ಉನ್ನತ ಪದವಿ ಪಡೆದವರಿಗೆ ಇನ್ನೂ 20,000. 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರು ಹೊಸ ಅರ್ಜಿಗಳಿಗೆ 1,00,000 ಡಾಲರ್ ಶುಲ್ಕ ಘೋಷಿಸಿದ ರಾತ್ರಿ ನಮ್ಮ ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ ಯಾರೂ ಮಲಗಲಿಲ್ಲ. ಅಲ್ಲಿಯೂ ಅರ್ಜಿ ಹಾಕಬೇಕಾದ್ದು ಮಾಲಕ. ಕೆಲಸ ಹೋದರೆ 60 ದಿನದೊಳಗೆ ಇನ್ನೊಬ್ಬ ಮಾಲಕ ಸಿಗಬೇಕು, ಇಲ್ಲವೇ ಬೇರೆ ದಾರಿ ನೋಡಿಕೊಳ್ಳಬೇಕು. ಕಫೀಲ ಎಂಬ ಹೆಸರು ಅಲ್ಲಿಲ್ಲ, ಅಷ್ಟೇ.

ಕಾಕಾ ಕೇಳಿದ ಪ್ರಶ್ನೆಗೆ ಈಗ ಉತ್ತರ ಹೇಳಬಹುದೇನೋ. ಗಾವಾನನಿಗೆ ಗುರುಮನೆತನದ ಆಸರೆ, ನಿಕಿತಿನನಿಗೆ ಖುರಾಸಾನಿನ ಖ್ವಾಜಾ, ಕೊಲ್ಲಿಗೆ ಹೋಗುವವನಿಗೆ ಕಫೀಲ, ಎಂಜಿನಿಯರನಿಗೆ ಕಂಪನಿ. ಪಾಸ್‌ಪೋರ್ಟ್, ವೀಸಾ, ಕಂಪ್ಯೂಟರ್ ಎಲ್ಲ ಬಂದ ಮೇಲೆ ಇನ್ನೊಬ್ಬನ ಜಾಮೀನು ಬೇಕಾಗುವುದಿಲ್ಲ ಎಂದುಕೊಂಡಿದ್ದೆವು. 550 ವರ್ಷಗಳಲ್ಲಿ ಕಾಗದ ಬೆಳೆಯಿತು, ಜಾಮೀನುದಾರ ಜಾಗ ಬಿಟ್ಟು ಕದಲಲಿಲ್ಲ. ಒಂದು ವ್ಯತ್ಯಾಸವಂತೂ ಇದೆ. ಖ್ವಾಜಾ ಮುಹಮ್ಮದನಿಗೆ ನಿಕಿತಿನನ ಕುದುರೆಯ ಮೇಲೆ ಯಾವ ಹಕ್ಕೂ ಇರಲಿಲ್ಲ. ಇಂದಿನ ಜಾಮೀನುದಾರನೇ ಕೆಲಸಗಾರನ ಮಾಲಕ.

ನಾವೂ ಬಾಗಿಲು ಕಾಯುವವರೇ ಎಂಬುದನ್ನು ಮರೆಯಬಾರದು. 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ಸಿಕ್ಕ ನೌಕರಿ ಮೀಸಲಾತಿಗೆ ನನ್ನ ಬಳಿಯೂ 'ಸ್ಥಳೀಯ' ಎಂಬ ಪ್ರಮಾಣಪತ್ರವಿದೆ. ಹಿಂದುಳಿದ ನೆಲಕ್ಕೆ ಅದು ನ್ಯಾಯವೇ. ನಾನು ಅದನ್ನು ಬಿಡಲಾರೆ. ಆದರೂ ಔರಾದದ ತಹಶೀಲ್ದಾರ್ ಕಚೇರಿಯಲ್ಲಿ ಅದಕ್ಕಾಗಿ ಸಾಲಿನಲ್ಲಿ ನಿಂತಾಗ, ಗಡಿಯಾಚೆಯ ದೇಗಲೂರು, ಉದಗೀರಗಳಿಂದ ಬಂದು ನಮ್ಮೂರಲ್ಲಿ ನೆಲೆಸಿದ ಕುಟುಂಬಗಳ ಹುಡುಗರು ಯಾವ ಕಾಗದ ತೋರಿಸುತ್ತಾರೆ ಎಂಬ ಯೋಚನೆ ಬಂದಿತ್ತು. ಗರೀಬ ಎಂಬ ಮಾತು ಪರದೇಶಿಯಿಂದ ಬಡವನಿಗೆ ಹೇಗೆ ಬಂತು ಎಂಬುದನ್ನು ಭಾಷಾಶಾಸ್ತ್ರಜ್ಞರು ಹೇಳಬೇಕು. ಇಂಥ ಸಾಲಿನಲ್ಲಿ ನಿಂತಾಗ ಎರಡೂ ಅರ್ಥ ಒಂದೇ ಎನಿಸುತ್ತದೆ.

ಅಂದು ಮದರಸಾದ ಮುಂದೆ ಇದನ್ನೆಲ್ಲ ಹೇಳಲು ನನಗೆ ಗೊತ್ತಿರಲಿಲ್ಲ. "ಆಗ ವೀಸಾ ಇದ್ದಿದ್ದಿಲ್ಲ ಕಾಕಾ, ಗುರ್ತಿನವರು ಇದ್ದರ ಸಾಕಿತ್ತು," ಎಂದಷ್ಟೇ ಹೇಳಿದೆ.

"ಈಗೂ ಹಂಗೇ ಅದ," ಎಂದು ಕಾಕಾ ಆಟೋ ಚಾಲೂ ಮಾಡಿದ. ಕೋಟೆಯ ಕಡೆಯ ಬಾಡಿಗೆ ಒಂದು ಕಾಯುತ್ತಿತ್ತು.